ಎಣ್ಣೆ ಬೇಡದ ರೋಲರ್

ಯರಗಟ್ಟಿಯ ವೆಲ್ಡಿಂಗ್ ಅಂಗಡಿಯ ಲಗಮಪ್ಪ ಯಾವತ್ತೂ ಕಬ್ಬಿಣಕ್ಕೆ ಎಣ್ಣೆ ಹಚ್ಚದೆ ಅಂಗಡಿಯ ಬಾಗಿಲು ಹಾಕಿದವನಲ್ಲ. ಸುತ್ತಲಿನ ಕಬ್ಬಿನ ಗಾಣಗಳ ರೋಲರ್‌ಗಳು ಸವೆದು ಬಂದರೆ, ವೆಲ್ಡಿಂಗ್ ಕಡ್ಡಿ ಸುಟ್ಟು ಲೋಹ ತುಂಬಿ, ಮತ್ತೆ ದುಂಡಗೆ ಮಾಡಿ, ಕೊನೆಗೆ ಔಡಲೆಣ್ಣೆ ಸವರಿಯೇ ಕಳಿಸುತ್ತಿದ್ದ. "ಕಬ್ಬಿಣ ಕೂಸಿದ್ದಂಗರಿ, ಎಣ್ಣಿ ಹಚ್ಚದ ಮಲಗಸಬಾರದು" ಎನ್ನುವನು. ಕೂಸಿನ ವಿಷಯವೂ ಅವನಿಗೆ ಗೊತ್ತಿತ್ತು. ಹೆಂಡತಿ ತೀರಿಕೊಂಡ ಮೇಲೆ ಮಗಳು ಅನ್ನಪೂರ್ಣಾಳ ತಲೆಗೆ ಎಣ್ಣೆ ಹಚ್ಚಿ, ಜಡೆ ಹೆಣೆದು ಶಾಲೆಗೆ ಕಳಿಸಿದ್ದು ಅದೇ ಕೈ. ಜಡೆ ಮಾತ್ರ ಬಾವಿಯ ಹಗ್ಗದಷ್ಟು ಬಿಗಿಯಾಗಿರುತ್ತಿತ್ತು.

ಆ ಮಗಳು ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದಿ, ಅದರ ಮೇಲಿನ ಓದಿಗೂ ಸೇರಿ, ಕಡೆಗೆ ಅಪ್ಪನ ಕಸುಬಿಗೇ ಕೈ ಹಾಕಿದಳು. ಎರಡು ಸಾವಿರದ ಏಳನೆಯ ಇಸವಿ. ದೀಪಾವಳಿ ಮುಗಿದು ಗಾಣ ಹೂಡುವ ಹೊತ್ತಿಗೆ ಟೆಂಪೊದಲ್ಲಿ ಒಂದು ರೋಲರ್ ಹೇರಿಕೊಂಡು ಅಂಗಡಿಗೆ ಬಂದಳು. ಸುರೇಬಾನದ ಶಟ್ಟೆವ್ವನ ಗಾಣದ ಹಳೆಯ ರೋಲರೇ ಅದು, ಮೇಲಿನ ಪದರ ಮಾತ್ರ ಹೊಸದು.

"ಇದೇನವಾ, ಸ್ಟೀಲ್ ಚರಗಿ ಹೊಳದಂಗ ಹೊಳಿತೈತಿ?" ಲಗಮಪ್ಪ ಕಣ್ಣರಳಿಸಿದ.

"ಇದೂ ಕಬ್ಬಿಣದ ಪುಡೀನ ಅಪ್ಪಾ. ಕ್ರೋಮಿಯಂ ಕೂಡಿಸಿ, ಲೇಸರ್ ಬೆಳಕಿನ್ಯಾಗ ಕರಗಿಸಿ, ತೆಳ್ಳಗ ಹೊದಿಸೇವಿ. ಕಬ್ಬಿನ ಹಾಲು ಹುಳಿ ಆದ್ರೂ ತುಕ್ಕು ಹಿಡಿಯಂಗಿಲ್ಲ, ಲಗೂನ ತೇಯಂಗೂ ಇಲ್ಲ."

"ಹಂಗಾರ ಇನ್ನ ನಾ ಏನ್ ಮಾಡ್ಲಿ?" ಎಂದು ಲಗಮಪ್ಪ ನಕ್ಕ. ನಗು ಅರ್ಧಕ್ಕೇ ನಿಂತಿತು.

ಆ ರೋಲರ್ ಒಂದು ಹಂಗಾಮು ಪೂರ್ತಿ ಕಬ್ಬು ಅರೆಯಬೇಕಿತ್ತು. ಆಮೇಲೆ ಅದು ಎಷ್ಟು ಸವೆದಿದೆಯೆಂದು ಅಳೆದು ತೋರಿಸಿದರಷ್ಟೇ ಅನ್ನಪೂರ್ಣಾಳ ಎರಡು ವರ್ಷದ ದುಡಿಮೆ ದಡ ಸೇರುವುದು. ಶಟ್ಟೆವ್ವ ಒಪ್ಪಿದ್ದಳು, ಆದರೆ ಕಡ್ಡಿ ಮುರಿದಂತೆ ಹೇಳಿಯೂ ಇದ್ದಳು: "ತಂಗಿ, ಮಧ್ಯಾಹ್ನದೊಳಗ ಒಂದು ಕೊಪ್ಪರಿಗಿ ಹಾಲು ತುಂಬಬೇಕು ನೋಡು. ಇಲ್ಲಂದ್ರ ನಿಮ್ಮಪ್ಪ ತುಂಬಿಕೊಟ್ಟ ರೋಲರ್ ಮೂಲ್ಯಾಗ ಐತಿ, ಅದನ್ನ ಏರಿಸತೇನಿ."

ಮರುದಿನ ಬೆಳಿಗ್ಗೆ ಸುರೇಬಾನದಲ್ಲಿ, ಹೊಸ ರೋಲರ್ ಏರಿಸಿದ್ದ ಗಾಣದ ಎಂಜಿನ್ ಶುರುವಾಯಿತು. ಮೊದಲ ಕಬ್ಬು ನೀಲಪ್ಪನ ಹೊಲದ್ದು. ಅವನೇ ಎರಡು ಗಳ ಎತ್ತಿ ಗಾಣದ ಬಾಯಿಗೆ ಕೊಟ್ಟ. ಕಬ್ಬು ಒಳಗೆ ಹೋಗಲೊಲ್ಲದೆ ಅಲ್ಲೇ ಥಕಥಕ ಕುಣಿಯಿತು. ಒತ್ತಿ ಹಿಡಿದರೆ ಒಂದಿಷ್ಟು ಹಾಲು ಸುರಿಸಿ ಮತ್ತೆ ಜಾರಿತು.

"ಚೆಂದ ಏನೋ ಐತ್ರಿ, ಆದ್ರ ಇದಕ್ಕ ಹಲ್ಲs ಇಲ್ಲಲ್ರಿ!" ನೀಲಪ್ಪ ಕೂಗಿದ. ಗಾಣಕ್ಕೆ ಗಾಣವೇ ನಕ್ಕಿತು.

ಸುಳ್ಳೇಕೆ, ಲಗಮಪ್ಪನಿಗೆ ಒಳಗೊಳಗೇ ಹಿತವಾಯಿತು. ಮೂವತ್ತು ವರ್ಷದ ತನ್ನ ಕೈಗೆ ಇನ್ನೂ ಕೆಲಸವಿದೆ ಎನಿಸಿತು. ಅಷ್ಟರಲ್ಲಿ ಮಗಳ ಮುಖ ಕಂಡಿತು. ಎಂಜಿನ್ ನಿಲ್ಲಿಸಿ ರೋಲರ್‌ಗಳ ನಡುವಿನ ಸಂದನ್ನು ಮೂರನೆಯ ಸಲ ಅಳೆದ ಅನ್ನಪೂರ್ಣಾ, "ನನ್ನ ಲೆಕ್ಕಾನ ತಪ್ಪಿರಬೇಕು" ಎಂದು ಸಣ್ಣ ದನಿಯಲ್ಲಿ ಹೇಳಿ ಪಕ್ಕಕ್ಕೆ ಸರಿದಳು. ನೀಲಪ್ಪ ಆಗಲೇ ರೋಲರ್ ಬಿಚ್ಚಲು ಪಾನಾ ತಂದು ಬೋಲ್ಟಿಗೆ ಹಾಕಿದ್ದ.

ಆಗ ಲಗಮಪ್ಪನಿಗೆ ನೆನಪಾಯಿತು. ನಿನ್ನೆ ಸಂಜೆ ರೋಲರ್ ಏರಿಸಿ ಎಲ್ಲರೂ ಚಹಾಕ್ಕೆ ಹೋದಾಗ ಅವನೊಬ್ಬನೇ ಹಿಂದೆ ಉಳಿದಿದ್ದ. ಬಾಯಿ ಮುಚ್ಚಿಕೊಂಡಿದ್ದರೆ ತನ್ನ ರೋಲರ್ ಏರುತ್ತದೆ. ಬಾಯಿ ಬಿಟ್ಟರೆ ಊರ ಮುಂದೆ ಮಾನ ಹೋಗುತ್ತದೆ.

"ಪಾನಾ ಕೆಳಗಿಡೊ ನೀಲಪ್ಪ! ತಪ್ಪು ರೋಲರಿಂದಲ್ಲ, ನಂದು. ನಿನ್ನೆ ನಾನs ಅದಕ್ಕ ಔಡಲೆಣ್ಣಿ ಹಚ್ಚೇನಿ."

ಅವನ ಉಬ್ಬುತಗ್ಗಿನ ರೋಲರ್‌ಗಳಲ್ಲಾದರೆ ಎಣ್ಣೆ ತಗ್ಗಿಗಿಳಿದು, ಉಬ್ಬು ಕಬ್ಬನ್ನು ಕಚ್ಚುತ್ತಿತ್ತು. ಈ ನುಣುಪಿನಲ್ಲಿ ಎಣ್ಣೆಗೆ ಅಡಗಲು ಜಾಗವೇ ಇರಲಿಲ್ಲ.

"ಅಪ್ಪಾ! ತುಕ್ಕು ಹಿಡಿಯಂಗಿಲ್ಲ ಅಂತ ನೂರು ಸಲ ಹೇಳಿದ್ನಲ್ಲ!"

"ಹೇಳಿದ್ದಿ. ನಾ ನಂಬಲಿಲ್ಲ."

"ಎಷ್ಟು ಹಚ್ಚಿದಿ?"

"ಎಲ್ಲಾದಕ್ಕೂ ಒಂದು ಕೈ ಹಚ್ಚತೇನಿ. ಇದು ನಿಂದಲ್ಲೇನು, ಎರಡು ಕೈ ಹಚ್ಚಿದೆ."

ಶಟ್ಟೆವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಒಲೆಯ ಬೂದಿ, ಬಿಸಿನೀರು ತಾನೇ ತಂದುಕೊಟ್ಟಳು. ಅಪ್ಪ ಮಗಳು ಕಬ್ಬಿನ ಸಿಪ್ಪೆಯಿಂದ ತಿಕ್ಕಿದ್ದೇ ತಿಕ್ಕಿದ್ದು. ಎಂಜಿನ್ ಮತ್ತೆ ಶುರುವಾದಾಗ ಗಾಣ ಕಬ್ಬನ್ನು ನೀಲಪ್ಪನ ಕೈಯಿಂದಲೇ ಕಸಿದುಕೊಂಡಿತು. ಮಧ್ಯಾಹ್ನಕ್ಕೆ ಮೊದಲೇ ಕೊಪ್ಪರಿಗೆ ತುಂಬಿತು.

ಹೋಳಿಹುಣ್ಣಿಮೆಯ ಹೊತ್ತಿಗೆ ಹಂಗಾಮು ಮುಗಿಯಿತು. ರೋಲರನ್ನು ಯರಗಟ್ಟಿಯ ಅಂಗಡಿಗೆ ತಂದು ಅನ್ನಪೂರ್ಣಾ ಅಳೆಯುವಾಗ ಲಗಮಪ್ಪ ಕಣ್ಣು ಮುಚ್ಚಿಕೊಂಡಿದ್ದ.

"ಕಣ್ ತಗಿ ಅಪ್ಪಾ. ಒಂದು ಕೂದಲೆಳಿಯಷ್ಟೂ ತೇದಿಲ್ಲ!"

ಲಗಮಪ್ಪ ಹೆಬ್ಬೆರಳಿಂದ ಉದ್ದಕ್ಕೂ ಸವರಿ ನೋಡಿದ. ಬೆರಳಿಗೆ ತುಕ್ಕಿನ ಕೆಂಪು ಚೂರೂ ಹತ್ತಲಿಲ್ಲ. ಹೆಮ್ಮೆಯಿಂದ ಇನ್ನೊಮ್ಮೆ ಸವರಿದ. ರೂಢಿಯಂತೆ ಕೈ ಎಣ್ಣೆಯ ಡಬ್ಬಿಗೆ ಹೋದದ್ದು ಅಲ್ಲೇ ತಡೆಯಿತು.

"ಹಂಗಾರ ಇನ್ನ ನಾ ಏನ್ ಮಾಡ್ಲಿ?" ಎಂದ, ಈ ಸಲ ನಗದೆ.

ಅನ್ನಪೂರ್ಣಾ ಜಡೆ ಬಿಚ್ಚಿ, ಸ್ಟೂಲ್ ಎಳೆದುಕೊಂಡು ಅವನಿಗೆ ಬೆನ್ನು ಮಾಡಿ ಕುಳಿತಳು. "ಅದಕ್ಕ ಬ್ಯಾಡ, ನನಗ ಹಚ್ಚು."

"ಇದು ಕಬ್ಬಿಣಕ್ಕ ಹಚ್ಚೂ ಎಣ್ಣಿ, ಯವ್ವಾ."

"ಇರಲಿ. ಜಡಿ ಮಾತ್ರ ಬಿಗಿ ಮಾಡಬ್ಯಾಡ."

ಲಗಮಪ್ಪ ಅಂಗೈಗೆ ಎಣ್ಣೆ ಸುರಿದುಕೊಂಡ. ಜಡೆಯನ್ನು ಮಾತ್ರ ಬಿಗಿಯಾಗಿಯೇ ಹೆಣೆದ.