ಕಿಟಕಿಯ ಬಿಸಿಲು ಸಾಲದು

ನಮ್ಮ ಕರಗಂಡ ನಗರದಲ್ಲಿ ಚಳಿಗಾಲ ಬಂತೆಂದರೆ ಕಿಟಕಿಯ ಸಂದಿಗಳಿಗೆ ಹತ್ತಿ ತುರುಕಿ, ಮೇಲೆ ಕಾಗದ ಅಂಟಿಸಿಬಿಡುತ್ತೇವೆ. ಏಪ್ರಿಲ್‌ವರೆಗೆ ಯಾರೂ ತೆರೆಯುವುದಿಲ್ಲ. ನಮ್ಮ ಮೇಲಿನ ಮನೆಯ ತೆಮಿರ್ಗಲಿ ತಾತ ಬಾಯಿಯನ್ನೂ ಹಾಗೆಯೇ ಮುಚ್ಚಿಕೊಂಡಿದ್ದರು. ಹೆಂಡತಿ ತೀರಿಕೊಂಡ ಮೇಲೆ ಅವರು ಮಾತಾಡುತ್ತಿದ್ದುದು ಆಕೆ ಸಾಕಿದ ಚುಕ್ಕೆ ಹಲ್ಲಿಯ ಜೊತೆ ಮಾತ್ರ.

ನಾನು ರೌಶನ್, ಪ್ರಾಣಿಗಳ ಆಸ್ಪತ್ರೆಯಲ್ಲಿ ನರ್ಸ್. ಫೆಬ್ರುವರಿಯ ಒಂದು ಮಧ್ಯಾಹ್ನ ತಾತ ನನ್ನ ಬಾಗಿಲು ತಟ್ಟಿದರು.

"ಸ್ವಲ್ಪ ಬಾರಮ್ಮ. ಇವಳು ನಡೀತಾನೇ ಇಲ್ಲ."

ಹಲ್ಲಿಯ ಗಾಜಿನ ಪೆಟ್ಟಿಗೆ ಕಿಟಕಿಯ ಪಕ್ಕದಲ್ಲಿತ್ತು. ಹಲ್ಲಿಯ ಮುಂಗಾಲುಗಳು ಬಾಗಿದ್ದವು. ದವಡೆ ಮುಟ್ಟಿದರೆ ಮೆತ್ತಗಿತ್ತು.

"ಏನು ತಿನ್ನಿಸ್ತೀರ ತಾತ?"

"ಅಂಗಡಿಯಿಂದ ತಂದ ಹುಳ. ಜೊತೆಗೆ ದಿನಾ ಚೂರು ಕುರ್ತ್ ಪುಡಿ. ನಮ್ಮ ಮೂಳೆ ಗಟ್ಟಿಯಾಗಿದ್ದು ಅದರಿಂದ್ಲೇ ತಾನೆ?"

"ಅಯ್ಯೋ, ಆ ಒಣ ಮೊಸರುಂಡೆ ತುಂಬಾ ಉಪ್ಪು! ಚಹಾ ಜೊತೆ ನಿಮಗೆ ಸರಿ, ಬುತ್ತಿ ಕಟ್ಟೋ ಕುದುರೆಗಾಹಿಗೆ ಸರಿ. ಇವಳೇನು ಕುದುರೆ ಕಾಯೋಕೆ ಹೋಗ್ತಾಳಾ?"

"ದಿನಾ ಬಿಸಿಲಿಗೂ ಇಡ್ತೀನಲ್ಲ!"

"ಗಾಜು ದಾಟಿ ಬೆಳಕು ಬರ್ತದೆ ತಾತ. ವಿಟಮಿನ್ ಡಿ ಮಾಡೋ ನೇರಳಾತೀತ ಕಿರಣ ಬರಲ್ಲ. ಆ ವಿಟಮಿನ್ ಇಲ್ದಿದ್ರೆ ಕ್ಯಾಲ್ಸಿಯಂ ತಿಂದ್ರೂ ಮೈಗೆ ಹತ್ತಲ್ಲ. ಅದಕ್ಕೆ ಬೇರೆ ದೀಪ ಇದೆ, ಪುಡಿ ಇದೆ."

"ಹಲ್ಲಿಗೊಂದು ದೀಪ, ಹಲ್ಲಿಗೊಂದು ಪುಡಿ! ಮದುವೆ ಹೆಣ್ಣಿಗೂ ಇಷ್ಟು ಉಪಚಾರ ಇಲ್ಲ" ಎಂದು ಗೊಣಗಿದರು. ಆಮೇಲೆ ಮೆಲ್ಲಗೆ, "ಇವಳೂ ಹೋದ್ರೆ ನಾನು ಯಾರ ಜೊತೆ ಮಾತಾಡ್ಲಿ?" ಎಂದರು.

ನನಗೆ ನಾಚಿಕೆಯಾಯಿತು. ಕೆಳಗಿನ ಮನೆಯಲ್ಲೇ ಇದ್ದು, ಚಳಿಗಾಲವಿಡೀ ನಾನು ಒಮ್ಮೆಯೂ ಆ ಮೆಟ್ಟಿಲು ಹತ್ತಿರಲಿಲ್ಲ.

ಆಗಲೇ ಹಲ್ಲಿಯನ್ನು ಬೆಚ್ಚಗೆ ಸುತ್ತಿಕೊಂಡು ವೈದ್ಯರ ಬಳಿ ಒಯ್ದೆವು. ಹುಳಗಳನ್ನು ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ ಕೊಡಲು ಅವರು ಹೇಳಿದರು. ವಿಟಮಿನ್ ಡಿ ಮಾತ್ರ ಬರೆದುಕೊಟ್ಟಷ್ಟೇ, ಹೆಚ್ಚಾದರೆ ಅದೂ ವಿಷ. ತಾತ ಅಂದೇ ದೀಪ ಕೊಂಡರು. ಮೇ ತಿಂಗಳ ಹೊತ್ತಿಗೆ ಹಲ್ಲಿ ತಾನೇ ಹುಳ ಹಿಡಿಯತೊಡಗಿತು. ಕಾಲುಗಳು ಮಾತ್ರ ಸೊಟ್ಟಗೇ ಉಳಿದವು. "ನಾನೇ ಕುಂಟಿ ಮಾಡಿದೆ" ಎಂದು ತಾತ ಈಗಲೂ ಕೊರಗುತ್ತಾರೆ.

ಹಲ್ಲಿ ಸಾಕಿದವರೇ, ಕಿಟಕಿಯ ಬಿಸಿಲನ್ನು ನಂಬಿ ಕೂರಬೇಡಿ. ನಿಮ್ಮ ಹಲ್ಲಿಯ ಜಾತಿಗೆ ತಕ್ಕ ನೇರಳಾತೀತ ದೀಪವನ್ನು ವೈದ್ಯರನ್ನು ಕೇಳಿ ತನ್ನಿ. ನಡುವೆ ಗಾಜು ಅಡ್ಡ ಬರದಂತೆ ಹಗಲಲ್ಲಿ ಉರಿಸಿ, ಅವಿತುಕೊಳ್ಳಲು ನೆರಳೂ ಇರಲಿ. ದೀಪ ಬೆಳಗುತ್ತಿದ್ದರೂ ಅದರ ಕಿರಣ ಸವೆಯುತ್ತದೆ. ದೀಪದ ಡಬ್ಬಿಯ ಮೇಲೆ ಬರೆದ ಗಡುವಿಗೆ ಸರಿಯಾಗಿ ಬದಲಿಸಿ. ಕಾಲು ನಡುಗುವುದು ಕಂಡರೆ ನಾಳೆ ಎನ್ನಬೇಡಿ. ಬಾಗಿದ ಮೂಳೆ ನಮ್ಮ ಕಣ್ಣೀರಿಗೆ ನೆಟ್ಟಗಾಗುವುದಿಲ್ಲ.