ರಿಮ್ಮಿಗೆ ಹಚ್ಚಿದ ಪಾಲಿಶ್

ನಮ್ಮ ಸೈಕಲ್ ತಂಡದ ಮಕ್ಕಳ ತಂದೆತಾಯಂದಿರಲ್ಲಿ ‘ನನಗೆ ಗೊತ್ತಿಲ್ಲ’ ಎನ್ನುವವರು ಒಬ್ಬರೂ ಇರಲಿಲ್ಲ.

ಉತ್ಸಾಹಕ್ಕೇನೂ ಬರವಿರಲಿಲ್ಲ. ಗುಜರಿಯಿಂದ ಏಳು ಸೈಕಲ್ ತಂದರು. ಶೆಡ್ಡು ಗುಡಿಸಿದರು. ಯಾರೂ ಕೇಳದಿದ್ದರೂ ಸೀಟುಗಳಿಗೆ ಝಾಲರಿಯ ಹೊದಿಕೆ ಹೊಲಿದರು. ಟೈಲ್ಸ್ ಅಂಗಡಿಯವರು ತಾವಾಗಿಯೇ ಅಧ್ಯಕ್ಷರಾದರು. ಸೈಕಲ್ ರಿಪೇರಿ ಅಂಗಡಿಯಲ್ಲಿ ದುಡಿಯುವ ನಾನು ರಜೆಯ ದಿನ ಬಂದು ಚಕ್ರಗಳ ಬೆಂಡ್ ತೆಗೆಯುತ್ತಿದ್ದೆ.

ತಂಡದ ಏಳು ಮಕ್ಕಳಲ್ಲಿ ನನ್ನ ತಂಗಿಯೇ ದೊಡ್ಡವಳು. ಆಯ್ಕೆ ಸ್ಪರ್ಧೆಯಲ್ಲಿ ಮೊದಲ ಮೂವರಿಗೆ ಕ್ರೀಡಾಶಾಲೆಯಲ್ಲಿ ಸೀಟು. ಮುಂದಿನ ವರ್ಷ ಅವಳ ವಯಸ್ಸು ಮೀರುತ್ತದೆ. ಇದೇ ಕೊನೆಯ ಅವಕಾಶ.

ಸ್ಪರ್ಧೆಯ ಹಿಂದಿನ ದಿನ ನಾನು ಕೆಲಸದಲ್ಲಿದ್ದೆ. ಫೋಟೊದಲ್ಲಿ ಸೈಕಲ್‌ಗಳು ಹೊಳೆಯಬೇಕೆಂದು ಅಧ್ಯಕ್ಷರಿಗೆ ಅನ್ನಿಸಿತು. ಅಪ್ಪ ಫರ್ನಿಚರ್ ಅಂಗಡಿಯಲ್ಲಿ ಮೇಜು ಕುರ್ಚಿಗಳಿಗೆ ಪಾಲಿಶ್ ಹಾಕುವವನು. ಡಬ್ಬಿ ಹಿಡಿದು ಕೂತೇಬಿಟ್ಟ.

ಬೆಳಿಗ್ಗೆ ಮೈದಾನಕ್ಕೆ ಹೋದಾಗ ಸೈಕಲ್‌ಗಳ ಹೊಳಪು ನೋಡಿ ಅಂಗಡಿಯ ಶೋಕೇಸ್ ನೆನಪಾಯಿತು. ಗೋಡೆಗೆ ಒರಗಿಸಿದ್ದ ಪುಟ್ಟ ಸೈಕಲೊಂದರ ಚಕ್ರ ಮುಟ್ಟಿದೆ. ಬೆರಳು ಜಾರಿತು. ಬ್ರೇಕ್‌ನ ರಬ್ಬರ್ ಕಚ್ಚಿ ಹಿಡಿಯಬೇಕಾದ ರಿಮ್ಮಿಗೇ ಪಾಲಿಶ್.

“ಯಾರ್ರೀ ಈ ಘನಂದಾರಿ ಕೆಲಸ ಮಾಡಿದ್ದು?”

“ಹೊಳೆಯೋದೂ ತಪ್ಪೇನ್ರೀ ಮೆಕ್ಯಾನಿಕ್ಕು?” ಅಧ್ಯಕ್ಷರು ನಕ್ಕರು. ಸುತ್ತಲಿದ್ದವರೂ ನಕ್ಕರು. ಒಬ್ಬರ ಹಲ್ಲಿನಲ್ಲಿ ಬಿಸ್ಕತ್ತಿನ ಹಿಟ್ಟು ಅಂಟಿತ್ತು.

“ಸರ್, ಇದ್ರಲ್ಲಿ ಬ್ರೇಕ್ ಹಿಡಿಯಲ್ಲ.”

“ರೇಸಲ್ಲಿ ಬ್ರೇಕ್ ಯಾಕಪ್ಪಾ? ಓಡ್ಸೋಕೆ ಬಂದಿದಾರೋ ನಿಲ್ಸೋಕೋ?” ಎಂದರು ಒಬ್ಬ ತಾಯಿ. ಮತ್ತೆ ನಗು.

ತಂಗಿ ತನ್ನ ಸೈಕಲ್ ಹಿಡಿದುಕೊಂಡು ಆಗಲೇ ಫೋಟೊಗೆ ನಿಂತಿದ್ದಳು. ಮಕ್ಕಳು ಒಂದು ಸುತ್ತು ಓಡಿಸಿ ನೋಡಬೇಕಿದ್ದ ಅರ್ಧ ಗಂಟೆಯನ್ನು ಆ ಫೋಟೊ ನುಂಗಿತ್ತು. ಉಳಿದದ್ದು ಹತ್ತು ನಿಮಿಷ, ಅಪ್ಪನ ಚೀಲದಲ್ಲಿ ಪಾಲಿಶ್ ಕರಗಿಸುವ ಸ್ಪಿರಿಟ್ ಅರ್ಧ ಬಾಟಲಿ.

“ಅಪ್ಪಾ, ಯಾವ್ಯಾವುದಕ್ಕೆ ಹಚ್ಚಿದೀಯ? ನಮ್ದಕ್ಕೂ ಹಚ್ಚಿದ್ಯಾ?”

ಎಲ್ಲರೂ ಅಪ್ಪನತ್ತ ತಿರುಗಿದರು. ಅವನ ಕಿವಿ ಕೆಂಪಾಯಿತು.

“ಇಲ್ಲ ಕಣೋ. ಚಿಕ್ಕವರದ್ದು ಮೂರಕ್ಕೆ ಅಷ್ಟೇ. ನಂಗಷ್ಟೂ ಗೊತ್ತಾಗಲ್ವಾ?”

ನಂಬಿದೆ. ಮೂರನ್ನೂ ಉಜ್ಜಿ ಒರೆಸುವಷ್ಟರಲ್ಲಿ ಸೀಟಿ ಊದಿದರು.

ಮೂರನೇ ಸುತ್ತಿನವರೆಗೆ ತಂಗಿ ಎರಡನೆಯವಳಾಗಿದ್ದಳು. ಅಲ್ಲಿಯತನಕ ಅವಳಿಗೆ ಬ್ರೇಕ್ ಬೇಕಾಗಿರಲಿಲ್ಲ. ಇಳಿಜಾರಿನ ತಿರುವಿನಲ್ಲಿ ಮುಂದಿದ್ದವಳು ತಟ್ಟನೆ ನಿಧಾನಿಸಿದಳು. ತಂಗಿ ಎರಡೂ ಬ್ರೇಕ್ ಒತ್ತಿದ್ದು ನಾನು ನಿಂತಲ್ಲಿಗೇ ಕಾಣಿಸಿತು. ಸೈಕಲ್ ನಿಲ್ಲಲಿಲ್ಲ. ಮುಂದಿದ್ದವಳನ್ನು ತಪ್ಪಿಸಲು ಪಕ್ಕಕ್ಕೆ ತಿರುಗಿಸಿ ಸಿಮೆಂಟ್ ಕಟ್ಟೆಗೆ ಮುಖ ಕೊಟ್ಟಳು.

ಅವಳನ್ನು ಆಂಬುಲೆನ್ಸಿಗೆ ಹತ್ತಿಸಿದ ಮೇಲೆ ಸೈಕಲ್ ಎತ್ತಿದೆ. ಸೊಟ್ಟಗಾದ ಮುಂದಿನ ರಿಮ್ಮೂ ಹಿಂದಿನದೂ ಕನ್ನಡಿಯಂತಿದ್ದವು. ಬೇರೆಯವರದಕ್ಕೆ ಒಂದು ಕೈ ಹಚ್ಚಿದವನು ಮಗಳದಕ್ಕೆ ಮೂರು ಕೈ ಹಚ್ಚಿದ್ದ.

“ಕೇಳಿದ್ನಲ್ಲಪ್ಪಾ.”

“ಅಷ್ಟು ಜನರ ಮುಂದೆ ಹೆಂಗೋ ಒಪ್ಕೊಳ್ಳೋದು? ಒಳ್ಳೆಯದಕ್ಕೇ ಅಂತ ತಾನೇ ಮಾಡಿದ್ದು.”

ಅವನ ಉಗುರಿನ ಸಂದಿಯಲ್ಲಿ ಪಾಲಿಶ್ ಇನ್ನೂ ಕಂದುಗಟ್ಟಿ ಕೂತಿತ್ತು. ನಾನಾದರೂ ಒಂದು ಬೆರಳು ಸವರಿ ನೋಡಬಹುದಿತ್ತು. ನೋಡಲಿಲ್ಲ.

ಅಧ್ಯಕ್ಷರು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. “ಪಾಲಿಶ್ ವಿಷಯ ಯಾರ ಹತ್ರಾನೂ ಬೇಡ. ಹುಡುಗಿ ಸ್ಪೀಡ್ ಜಾಸ್ತಿ ಮಾಡಿದ್ಲು ಅನ್ನೋಣ. ತಂಡದ ಮರ್ಯಾದೆ ನೋಡಿ.” ಅಪ್ಪ ತಲೆಯಾಡಿಸಿದ. ಉಳಿದವರೂ ಆಡಿಸಿದರು. ಅಷ್ಟು ಬೇಗ ಅವರು ಯಾವ ಮಾತಿಗೂ ಒಮ್ಮತಕ್ಕೆ ಬಂದದ್ದನ್ನು ನಾನು ನೋಡಿರಲಿಲ್ಲ.

ಹೋದದ್ದು ತಂಗಿಯ ಮುಂದಿನ ಹಲ್ಲು ಎರಡು, ಚಕ್ರ ಒಂದು, ಕ್ರೀಡಾಶಾಲೆಯ ಸೀಟು ಒಂದು.