ಗುಗ್ಗುಳ ಹಿಡಿದವಳು

ನನ್ನ ತಮ್ಮ ಉಜ್ಜನಪ್ಪನಿಗೆ ವೀರಗಾಸೆ ಎಂದರೆ ಪ್ರಾಣ. ಪುರವಂತ ಕಲ್ಲಪ್ಪ ಕೆಂಪು ಕಾಸೆ ಕಟ್ಟಿ, ಎದೆಗೆ ಹಿತ್ತಾಳೆಯ ವೀರಭದ್ರನ ಹಲಗೆ ಬಿಗಿದು, ಕತ್ತಿ ಝಳಪಿಸುತ್ತ ದಕ್ಷನ ತಲೆ ಹಾರಿಸುವ ಕಡೆಗೆ ಬಂದನೆಂದರೆ ಸಾಕು, ಇವನು ಎಲ್ಲಿ ಕೂತಿದ್ದರೂ ಎದ್ದು ನಿಂತು "ಭಲೇ ಭಲೇ" ಅನ್ನುವನು. ಆ ದಕ್ಷ ತಲೆ ಕಳೆದುಕೊಳ್ಳುವಂಥ ತಪ್ಪು ಏನು ಮಾಡಿದ್ದ ಎಂದು ಮಾತ್ರ ಒಂದು ದಿನವೂ ಯೋಚಿಸಿದವನಲ್ಲ. ನಾನು ಅವನ ಸ್ವಂತ ಅಕ್ಕ, ಬಸವಣ್ಣೆಮ್ಮ. ಗಂಡ ತೀರಿಕೊಂಡ ಮೇಲೆ ಹರಿಹರದ ಈ ತವರುಮನೆಗೇ ಬಂದು, ತಾಯಿಯಿಲ್ಲದ ಅವನ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿ ದೊಡ್ಡವರನ್ನಾಗಿ ಮಾಡಿದವಳು. ಅವನನ್ನು ಬೈಯುವ ಹಕ್ಕು ನನಗಿದೆ. ಬೇರೆ ಯಾರಾದರೂ ಬೈದರೆ ನಾನೇ ಸುಮ್ಮನಿರುವುದಿಲ್ಲ.

ದಕ್ಷ ಮಾಡಿದ್ದು ಇಷ್ಟೇ. ಲೋಕಕ್ಕೆಲ್ಲ ಹೇಳಿಕಳಿಸಿ ದೊಡ್ಡ ಯಜ್ಞ ಹೂಡಿದ, ಹೆತ್ತ ಮಗಳನ್ನು ಮಾತ್ರ ಕರೆಯಲಿಲ್ಲ. ತವರಲ್ಲವೇ, ಕರೆಯುವುದೇನು ಎಂದು ಅವಳೇ ಬಂದಳು. ಬಂದವಳನ್ನು ಎಲ್ಲರ ಮುಂದೆ ಹೀಯಾಳಿಸಿದ. ಅವಳು ಅದೇ ಯಜ್ಞದ ಬೆಂಕಿಗೆ ಹಾರಿದಳು. ಆ ಸುದ್ದಿ ಕೇಳಿದ ಶಿವನ ಸಿಟ್ಟಿನಿಂದ ಹುಟ್ಟಿದವನು ವೀರಭದ್ರ, ಆ ವೀರಭದ್ರ ಕುಣಿದದ್ದೇ ವೀರಗಾಸೆ. ಕುಣಿತದ ನಡುನಡುವೆ ಪುರವಂತ ನಿಂತು ಏರುದನಿಯಲ್ಲಿ ಈ ಕಥೆಯನ್ನೇ ಹೇಳುತ್ತಾನೆ, ಅದಕ್ಕೆ ನಾವು ಒಡಪು ಅನ್ನುತ್ತೇವೆ. ಹೆಣ್ಣುಮಗಳೊಬ್ಬಳಿಗೆ ತವರಿನಲ್ಲಾದ ಅವಮಾನಕ್ಕೆ ಹುಟ್ಟಿದ ಕುಣಿತ ಕಣ್ರೀ ಇದು! ಗಂಡಸರು ಕತ್ತಿ ನೋಡುತ್ತಾರೆ, ಸಮ್ಮಾಳದ ಬಡಿತ ಕೇಳುತ್ತಾರೆ, ಮಗಳನ್ನು ಮರೆಯುತ್ತಾರೆ.

ನನ್ನ ತಮ್ಮನ ದೊಡ್ಡ ಮಗಳು ಸರ್ವಮಂಗಳ. ದಾವಣಗೆರೆಯ ಹತ್ತಿ ವ್ಯಾಪಾರಿಯೊಬ್ಬರ ಮನೆಗೆ ಕೊಟ್ಟಿದ್ದೆವು. ಗಂಡ ಅನ್ನಿಸಿಕೊಂಡವನು ಕುಡಿದು ಬಂದು ಬಾರಿಸುತ್ತಿದ್ದ. ಬೆನ್ನ ತುಂಬ ಬಾಸುಂಡೆ ಹೊತ್ತು ಬಂದಾಗಲೆಲ್ಲ ಉಜ್ಜನಪ್ಪ "ಹೊಂದ್ಕಂಡು ಹೋಗವ್ವ" ಎಂದು ರೈಲು ಹತ್ತಿಸಿ ವಾಪಸ್ಸು ಕಳಿಸುತ್ತಿದ್ದ. ಕೊನೆಗೊಮ್ಮೆ ಅವಳು ಗಂಡನ ಮನೆಗೂ ಹೋಗಲಿಲ್ಲ, ಇಲ್ಲಿಗೂ ಬರಲಿಲ್ಲ. ದಾವಣಗೆರೆಯ ಆನೆಕೊಂಡದಲ್ಲಿ ಒಂದು ಕೋಣೆ ಹಿಡಿದು, ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿ ಆರಿಸುವ ಕೆಲಸಕ್ಕೆ ಸೇರಿಕೊಂಡಳು. ಭತ್ತದ ಸಾಹುಕಾರ ಉಜ್ಜನಪ್ಪನ ಮಗಳು ಕೂಲಿ ಹೆಂಗಸರ ಸಾಲಿನಲ್ಲಿ! "ನನ್ ಪಾಲಿಗೆ ಆಕಿ ಸತ್ಲು" ಅಂದುಬಿಟ್ಟ. "ನಿನ್ನ ನಾಲಿಗೆ ಸೇದಿಹೋಗ್ಲಿ" ಅಂದೆ ನಾನು. ಕಿವಿಗೆ ಹಾಕಿಕೊಂಡರೆ ತಾನೆ.

ಐವತ್ತೆಂಟನೇ ಇಸವಿಯಲ್ಲಿ ಚಿಕ್ಕವಳು ಹಾಲಮ್ಮನ ಮದುವೆ ಗೊತ್ತಾಯಿತು. ಮಲೆಬೆನ್ನೂರಿನ ನಾಗರಾಜಪ್ಪನವರ ಮಗ ಗಂಡು. ಮಾತುಕತೆಯ ದಿನ ನಾಗರಾಜಪ್ಪನವರು ಮಕ್ಕಳೆಷ್ಟು ಎಂದು ಕೇಳಿದರೆ, ನನ್ನ ತಮ್ಮ ಕಣ್ಣು ಮಿಟುಕಿಸದೆ "ನನಗಿರೋದು ಇದೊಂದೇ ಕುಡಿ, ಬೀಗ್ರೆ" ಅಂದ. ಅಡುಗೆಮನೆಯಲ್ಲಿದ್ದ ನಾನು ಮಜ್ಜಿಗೆಯ ತಂಬಿಗೆಯನ್ನು ನೆಲಕ್ಕೆ ಕುಕ್ಕಿದೆ. ಹಾಲಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. "ಅಕ್ಕ ಇಲ್ದೆ ನಾನು ಹಸೆ ಮೇಲೆ ಹೆಂಗೆ ಕುಂದ್ರಲಿ ಅತ್ತೆ?" ಎಂದು ನನ್ನನ್ನು ಕೇಳಿದರೆ ನಾನೇನು ಹೇಳಲಿ? ಮದುವೆಗೆ ಸರ್ವಮಂಗಳೆಯನ್ನು ಕರಿ ಎಂದು ಅವನಿಗೆ ದಿನಾ ಹೇಳಿದೆ, ಕೂಗಾಡಿದೆ, ಊಟ ಬಿಟ್ಟೆ. ಅವನು ಬಗ್ಗಲಿಲ್ಲ.

ಮದುವೆಯ ಹಿಂದಿನ ದಿನ ನಮ್ಮಲ್ಲಿ ಗುಗ್ಗುಳ ತರುತ್ತಾರೆ. ಬಾಯಿ ಒಡೆದ ಮಣ್ಣಿನ ಗಡಿಗೆಯಲ್ಲಿ ಎಣ್ಣೆ ಕುಡಿಸಿದ ಹತ್ತಿಕಾಳು, ಲೋಬಾನ ಹಾಕಿ ಬೆಂಕಿ ಹಚ್ಚುವುದು, ಅದು ಗುಗ್ಗುಳ. ಅದು ಸಾಕ್ಷಾತ್ ವೀರಭದ್ರನೇ. ಬೇರೆ ಮನೆಗಳಲ್ಲಿ ಗಂಡಸರು ಹಿಡಿದು ಮನೆಯಿಂದ ಗುಡಿಗೆ ಒಯ್ಯುತ್ತಾರೆ. ನಮ್ಮ ಮನೆತನದ್ದು ಉಲ್ಟಾ. ಹೊಳೆದಂಡೆಯಲ್ಲಿ ಹೊತ್ತಿಸಿ, ಮನೆಯಲ್ಲಿ ಹುಟ್ಟಿದ ಹೆಣ್ಣುಮಗಳೇ ಹಿಡಿದು ದೇವರ ಕೋಣೆಗೆ ತರಬೇಕು. ದಾರಿಯಲ್ಲಿ ನೆಲಕ್ಕಿಳಿಸುವಂತಿಲ್ಲ. ಕೈ ಸೋತರೆ ಮನೆಯ ಇನ್ನೊಬ್ಬ ಮಗಳ ಕೈಗೇ ಕೊಡಬೇಕು, ಸೊಸೆಯಂದಿರು ಕೂಡ ಮುಟ್ಟುವಂತಿಲ್ಲ. ಪುರವಂತ ಮುಂದೆ ಮುಂದೆ ಕುಣಿಯುತ್ತ ದಾರಿ ಬಿಡಿಸುತ್ತಾನೆ. ಅವನ ಒಡಪು ನಿಂತರೆ ಗುಗ್ಗುಳವೂ ನಿಲ್ಲಬೇಕು. ಬಂದ ಗುಗ್ಗುಳ ಹೊಸ್ತಿಲು ದಾಟದೆ ಹೋದರೆ ಆ ಮನೆಯಲ್ಲಿ ಮದುವೆಯಿಲ್ಲ.

ಅವತ್ತು ಹೊಳೆದಂಡೆಯಿಂದ ಹಾಲಮ್ಮ ಗುಗ್ಗುಳ ಹಿಡಿದು ಹೊರಟಳು. ಗಡಿಗೆಯ ಕೆಳಗೆ ಬೇವಿನ ಸೊಪ್ಪು, ಒದ್ದೆ ಬಟ್ಟೆ. ಮನೆ ಮುಟ್ಟುವವರೆಗೆ ಅಷ್ಟು ಸಾಕಾಗುತ್ತದೆ. ಖಾಜಾ ಹುಸೇನ್ ಶಹನಾಯಿ ಊದುತ್ತಿದ್ದ. ಅವನ ಕೆನ್ನೆ ಉಬ್ಬಿ ಉಬ್ಬಿ ಬೀಳುತ್ತಿತ್ತು. ಕಲ್ಲಪ್ಪನ ಕುಣಿತವಂತೂ ಅಬ್ಬಬ್ಬಾ! ಅರವತ್ತರ ಹತ್ತಿರದ ಮನುಷ್ಯ, ಕಾಲ್ಗೆಜ್ಜೆ ಕಟ್ಟಿದರೆ ವಯಸ್ಸೇ ಇಲ್ಲ. ಒಂದು ಕಾಲೆತ್ತಿ ಗಿರ್ರನೆ ತಿರುಗಿ, ನೆಲ ಒದ್ದು, "ಆಹಹಾ ರುದ್ರಾ!" ಎಂದು ಅಬ್ಬರಿಸಿದರೆ ಮಹಡಿಯ ಮೇಲಿದ್ದವರೂ ಕೈ ಮುಗಿಯುತ್ತಿದ್ದರು. ನಾನು ಹಾಲಮ್ಮನ ಪಕ್ಕದಲ್ಲೇ ಸೆರಗಿನಿಂದ ಅವಳ ಹಣೆ ಒರೆಸುತ್ತ ನಡೆದಿದ್ದೆ.

ನಮ್ಮ ಬೀದಿಗೆ ತಿರುಗಿದೆವು. ಮನೆ ಬಾಗಿಲಲ್ಲಿ ಉಜ್ಜನಪ್ಪ ಜರಿಯ ರುಮಾಲು ಸುತ್ತಿಕೊಂಡು ನಿಂತಿದ್ದ, ಪಕ್ಕದಲ್ಲಿ ನಾಗರಾಜಪ್ಪನವರು, ಅವರ ಕಡೆಯ ಜನ. ಎದುರು ಮನೆಯ ಗೋಡೆಗೆ ಒತ್ತಿಕೊಂಡು ಒಬ್ಬಳು ನಿಂತಿದ್ದಳು. ಮಾಸಿದ ಸೀರೆ, ಕೈಯಲ್ಲೊಂದು ಬಟ್ಟೆಯ ಚೀಲ. ಸರ್ವಮಂಗಳ! ಎಷ್ಟು ಸೊರಗಿಹೋಗಿದ್ದಳು ನನ್ನ ಕೂಸು.

ನನಗಿಂತ ಮೊದಲೇ ಉಜ್ಜನಪ್ಪ ನೋಡಿದ್ದ. ಬೀಗರ ಪಕ್ಕದಿಂದ ಸರಸರನೆ ಇಳಿದು ಬಂದು ಅವಳ ಮುಂದೆ ನಿಂತ. ಆ ಹೊತ್ತಿಗೆ ಸರಿಯಾಗಿ ಕಲ್ಲಪ್ಪ ವಾದ್ಯ ನಿಲ್ಲಿಸಿ ಒಡಪು ಎತ್ತಿಕೊಂಡಿದ್ದ. "ತವರಿನ ಆಸೆಗೆ ಮಗಳು ಬಂದಳು, ಅಪ್ಪನ ಅಂಗಳಕ್ಕೆ ಕಾಲಿಟ್ಟಳು, ಕಂಡನಯ್ಯಾ ದಕ್ಷ, ಕಂಡು ಏನೆಂದನು" ಎಂದು ಕೂಗಿ, ಮುಂದಿನ ಮಾತಿಗೆ ಉಸಿರೆಳೆದುಕೊಂಡ. ಬೀದಿಯೆಲ್ಲ ಗಪ್‌ಚಿಪ್. ಆ ಮೌನದೊಳಗೆ ನನ್ನ ತಮ್ಮನ ದನಿ ಎಲ್ಲರಿಗೂ ಕೇಳಿತು.

"ಯಾರು ಕರೆದ್ರೇ ನಿನ್ನ?"

ಅಯ್ಯೋ ಶಿವನೇ! ಒಡಪಿನಲ್ಲಿ ದಕ್ಷ ಅನ್ನುವ ಮಾತು ಅದೇ. ಅಕ್ಷರ ಆಚೀಚೆ ಇಲ್ಲ. ನಮ್ಮ ಬೀದಿಯಲ್ಲಿ ಒಡಪು ಬಾಯಿಗೆ ಬರದವರು ಯಾರಿದ್ದಾರೆ? ಜನ ತಿರುಗಿ ನೋಡಿದರು. ಏನಂದೆ ಎಂದು ಅವನಿಗೂ ಹೊಳೆದಿರಬೇಕು, ನಾಲಿಗೆ ಕಚ್ಚಿಕೊಂಡ.

"ಯಾರೂ ಕರೀಲಿಲ್ಲಪ್ಪ," ಎಂದಳು ಸರ್ವಮಂಗಳ ಮೆಲ್ಲಗೆ. "ದೂರದಿಂದ ತಂಗೀನ ನೋಡಿ ಹೋಗ್ತೀನಿ."

ಕಲ್ಲಪ್ಪ ಕತ್ತಿ ಇಳಿಸಿ ನಿಂತುಬಿಟ್ಟ. ಉಜ್ಜನಪ್ಪ ಅಲ್ಲಿಂದಲೇ ಗದರಿದ, "ಯಾಕ ನಿಂತ್ಯೋ ಕಲ್ಲಪ್ಪಾ? ಮುಂದೆ ಹೇಳು!"

"ಮುಂದಿಂದು ನೀವೇ ಆಡಿಬಿಟ್ರಲ್ಲ ಸಾವ್ಕಾರ್ರೆ," ಎಂದ ಕಲ್ಲಪ್ಪ. ಅವನ ದನಿಯಲ್ಲಿ ಕೊಂಕಿರಲಿಲ್ಲ, ನಿಜಕ್ಕೂ ಹೆದರಿದ್ದ. "ಅದರ ಮುಂದಿನ ಮಾತು ಆ ಮಗಳು ಬೆಂಕಿಗೆ ಬೀಳೋದು. ಈ ಹುಡುಗಿ ಇಲ್ಲಿ ಹಿಂಗೆ ನಿಂತಿರಬೇಕಾದ್ರೆ ನಾನು ಹೆಂಗೆ ಅನ್ಲಿ? ನನ್ನ ನಾಲಿಗೆ ಏಳವಲ್ದು."

ಒಡಪು ನಿಂತಿತು, ಗುಗ್ಗುಳವೂ ನಿಂತಿತು. ಬೆಂಕಿ ನಿಲ್ಲುತ್ತದೆಯೇ? ಒದ್ದೆ ಬಟ್ಟೆ ಆಗಲೇ ಆವಿಯಾಡುತ್ತಿತ್ತು. ಹಾಲಮ್ಮ ಗಡಿಗೆಯನ್ನು ಆ ಕೈಗೂ ಈ ಕೈಗೂ ವಾಲಿಸಿದಳು. "ಅತ್ತೇ, ಕೈ ಸುಡ್ತಾ ಐತೆ!" ಎಂದು ನರಳಿದಳು. ಸೊಪ್ಪು ಕರಟಿದ ವಾಸನೆ ನನ್ನ ಮೂಗಿಗೆ ಬಡಿಯಿತು.

"ಅಕ್ಕಾ, ನೀ ಹಿಡ್ಕ! ಬೇಗ!" ಎಂದು ನನ್ನ ತಮ್ಮ ಓಡಿ ಬಂದ.

ಹೌದು, ನಾನೂ ಆ ಮನೆಯ ಮಗಳೇ. ಹಿಡಿಯಬಹುದಿತ್ತು. ಹಿಡಿದಿದ್ದರೆ ಎಲ್ಲ ಸುಸೂತ್ರ ಆಗುತ್ತಿತ್ತು, ಸರ್ವಮಂಗಳ ಗೋಡೆಗೆ ಒತ್ತಿಕೊಂಡೇ ಇದ್ದು ಸಂಜೆಯ ರೈಲಿಗೆ ಹೋಗುತ್ತಿದ್ದಳು. ನಾನು ಎರಡೂ ಕೈಗಳನ್ನು ಸೆರಗಿನೊಳಗೆ ಹುದುಗಿಸಿಕೊಂಡೆ.

"ನನ್ ಕೈಲಿ ಆಗಂಗಿಲ್ಲ. ಮನೆಗೆ ಇನ್ನೊಬ್ಳು ಮಗಳು ಅದಾಳಲ್ಲ, ಆಕಿನ್ನ ಕರಿ."

ಅವನು ನನ್ನನ್ನು ನುಂಗುವಂತೆ ನೋಡಿದ. ನೋಡಲಿ, ನಾನೇನು ಹೆದರಿದವಳಲ್ಲ. ಆದರೆ ಹಾಲಮ್ಮನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಇನ್ನೊಂದು ಗಳಿಗೆ ಕಳೆದಿದ್ದರೆ ನಾನೇ ಕೈ ಚಾಚುತ್ತಿದ್ದೆನೋ ಏನೋ. ಅಷ್ಟರಲ್ಲಿ ಹಾಲಮ್ಮ ಗಂಟಲು ಹರಿಯುವ ಹಾಗೆ ಕೂಗಿದಳು.

"ಅಕ್ಕಾ! ಬಾರೇ ಅಕ್ಕಾ!"

ಸರ್ವಮಂಗಳ ಚೀಲ ಬಿಸಾಕಿ ಓಡಿ ಬಂದಳು. ಯಾರನ್ನೂ ಕೇಳಲಿಲ್ಲ, ಗಡಿಗೆಯನ್ನು ತಂಗಿಯ ಕೈಯಿಂದ ತನ್ನ ಕೈಗೆ ತೆಗೆದುಕೊಂಡಳು. ಅವಳಿಗೆ ಒದ್ದೆ ಬಟ್ಟೆಯೂ ಇಲ್ಲ, ಏನೂ ಇಲ್ಲ.

ನಾಗರಾಜಪ್ಪನವರು ಮೆಟ್ಟಿಲಿಳಿದು ಬಂದರು. "ಇವ್ರು ಯಾರು ಬೀಗ್ರೆ? ಮನೆ ಹೆಣ್ಮಗಳೇ ಹಿಡೀಬೇಕು ಅಂತ ಹೇಳಿದ್ರಿ."

ನನ್ನ ತಮ್ಮನ ಮುಖ ಕಪ್ಪಿಟ್ಟಿತು. ರುಮಾಲು ಸರಿಮಾಡಿಕೊಂಡ. "ಅದು... ನಮಗೆ ಬೇಕಾದೋರ ಮಗಳು," ಎಂದ.

ಬೇಕಾದವರ ಮಗಳಂತೆ! ನನಗೆ ಅಲ್ಲೇ ಅವನ ಕೆನ್ನೆಗೆ ಹೊಡೆಯಬೇಕು ಅನ್ನಿಸಿತು. ಕಲ್ಲಪ್ಪ ಕತ್ತಿಯನ್ನು ದಾರಿಗೆ ಅಡ್ಡ ಹಿಡಿದ. "ಬೇಕಾದೋರ ಮಗಳಾದ್ರೆ ಗುಗ್ಗುಳ ಹೊಸ್ತಿಲು ದಾಟಂಗಿಲ್ಲ ಸಾವ್ಕಾರ್ರೆ. ನಿಮ್ಮ ಮಗಳೋ ಅಲ್ವೋ, ಅಷ್ಟು ಹೇಳಿಬಿಡ್ರಿ."

ಖಾಜಾ ಹುಸೇನ್ ಶಹನಾಯಿಯನ್ನು ಎದೆಗೊತ್ತಿ ಹಿಡಿದು ತಲೆ ತಗ್ಗಿಸಿದ್ದ. ಸರ್ವಮಂಗಳ ಅಪ್ಪನ ಮುಖವನ್ನೇ ನೋಡುತ್ತಿದ್ದಳು, ಹೊಗೆಗೆ ಕಣ್ಣು ಸುರಿಯುತ್ತಿತ್ತು. ಹತ್ತಿಕಾಳು ಚಟಚಟ ಅನ್ನುತ್ತಿತ್ತು.

"ನನ್ನ ಮಗಳು," ಎಂದ ಉಜ್ಜನಪ್ಪ ಕೊನೆಗೆ. ನೆಲ ನೋಡುತ್ತ ಹೇಳಿದ. "ದೊಡ್ಡ ಮಗಳು."

ನಾಗರಾಜಪ್ಪನವರು ಹೆಗಲ ಮೇಲಿನ ವಲ್ಲಿ ಸರಿಪಡಿಸಿಕೊಂಡು ಪಕ್ಕಕ್ಕೆ ಸರಿದರು. ಕಲ್ಲಪ್ಪ ಕತ್ತಿ ಎತ್ತಿದ. ಬೆಂಕಿಗೆ ಬೀಳುವ ಭಾಗವನ್ನು ಅವನು ಹೇಳಲೇ ಇಲ್ಲ, ಬರೀ ಕುಣಿದ. ಅವನು ಅಷ್ಟು ಜೋರಾಗಿ ಕುಣಿದದ್ದನ್ನು ನಾನು ಮೊದಲು ನೋಡಿರಲಿಲ್ಲ. ಬಾಗಿಲಲ್ಲಿ ಗುಗ್ಗುಳ ಹಿಡಿದವರ ಪಾದಕ್ಕೆ ಮನೆಯ ಯಜಮಾನ ನೀರು ಹಾಕಬೇಕು. ನನ್ನ ತಮ್ಮ ಬಗ್ಗಿ ಮಗಳ ಪಾದಕ್ಕೆ ನೀರು ಹಾಕಿದ.

ದೇವರ ಕೋಣೆಯಲ್ಲಿ ಗಡಿಗೆ ಇಳಿಸಿದ ಮೇಲೆ ಅವಳ ಅಂಗೈ ನೋಡಿದೆ. ಬೊಬ್ಬೆ ಎದ್ದಿತ್ತು. ಬೆಣ್ಣೆ ಹಚ್ಚುತ್ತ ಅತ್ತುಬಿಟ್ಟೆ. "ಎಲ್ಲೂ ಹೋಗಬ್ಯಾಡ ಮಗಾ. ನಾಳೆ ಧಾರೆ ಮುಗೀಲಿ, ಆಮೇಲೆ ನೋಡಾಣ," ಎಂದೆ. ಹಾಲಮ್ಮ ಅವಳ ಕುತ್ತಿಗೆಗೆ ಜೋತುಬಿದ್ದಿದ್ದಳು. ಸರ್ವಮಂಗಳ ಅವಳನ್ನು ಮೆಲ್ಲಗೆ ಬಿಡಿಸಿ, ತಲೆ ಸವರಿ, ಹೊರಗೆ ಹೋದಳು. ಬೀದಿಯಲ್ಲಿ ಬಿದ್ದಿದ್ದ ಚೀಲ ಎತ್ತಿಕೊಂಡು ಮೆಟ್ಟಿಲ ಕೆಳಗೆ ಬಂದು ನಿಂತಳು. ನಾನು ಹಿಂದೆಯೇ ಓಡಿದೆ. ಹೊಸ್ತಿಲಲ್ಲಿ ಅವಳಪ್ಪ ನಿಂತಿದ್ದ, ಅವನ ಬೆನ್ನ ಹಿಂದೆ ಪಡಸಾಲೆಯಲ್ಲಿ ಬೀಗರು ಎಲೆಯಡಿಕೆ ತಟ್ಟೆಯ ಮುಂದೆ ಕೂತಿದ್ದರು.

"ಅಪ್ಪಾ, ಕೈಯಾಗೆ ಗುಗ್ಗುಳ ಇತ್ತು ಅಂತ ಮಗಳು ಅಂದೆ," ಎಂದಳು. "ಈಗ ಬರಿಗೈಲಿ ನಿಂತೀನಿ. ಈಗ ಹೇಳು, ನಾನು ಯಾರು?"

ಅವನು ಒಮ್ಮೆ ಪಡಸಾಲೆಯ ಕಡೆ ತಿರುಗಿ ನೋಡಿದ. ಆಮೇಲೆ ದನಿ ತಗ್ಗಿಸಿ ಅಂದ, "ಹಿಂಗೆ ಎದುರಿಗೆ ನಿಂತ್ಕಬ್ಯಾಡವ್ವ. ಹಿತ್ಲ ಬಾಗ್ಲಿಂದ ಒಳಗೆ ಬಾ. ಉಂಡ್ಕಂಡು ಹೋಗು."

ನನ್ನ ಮೈಯೆಲ್ಲ ಉರಿದುಹೋಯಿತು. "ಈ ಮನೆ ದೊಡ್ಡ ಮಗಳು ಕಣೇ ನೀನು!" ಎಂದು ಬೀಗರಿಗೆ ಕೇಳುವ ಹಾಗೆ ಕಿರುಚಿದೆ. "ತಲೆಬಾಗ್ಲಿಂದ ಬಾ, ಯಾರು ತಡೀತಾರೋ ನೋಡ್ತೀನಿ!"

"ಅದು ನೀನು ಅನ್ನೋ ಮಾತಲ್ಲ ಅತ್ತೆ, ಅಪ್ಪ ಅನ್ಬೇಕಾಗಿತ್ತು," ಎಂದು ಸರ್ವಮಂಗಳ ಸ್ಟೇಷನ್ನಿನ ದಿಕ್ಕಿಗೆ ನಡೆದಳು. ಸುಟ್ಟ ಕೈಯಲ್ಲಿ ಚೀಲ ಹಿಡಿಯಲಾಗದೆ ಮೊಣಕೈಗೆ ಸಿಕ್ಕಿಸಿಕೊಂಡಿದ್ದಳು.

"ಸರ್ವೀ..." ಎಂದ ನನ್ನ ತಮ್ಮ. ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಲಿಲ್ಲ.

"ಗಟ್ಟಿಯಾಗಿ ಕೂಗೋ!" ಎಂದು ಅವನ ಬೆನ್ನಿಗೆ ಗುದ್ದಿದೆ. "ಕೂಗೋ, ನಿನ್ನ ಬಾಯಿಗೇನಾಗೈತೋ, ಹೋಗ್ತಾ ಅದಾಳೆ, ಕೂಗೋ!"

ಅವಳು ಬೀದಿಯ ಕೊನೆಯಲ್ಲಿ ತಿರುಗುವವರೆಗೂ ಅವನ ತುಟಿ ಅಲ್ಲಾಡುತ್ತಲೇ ಇತ್ತು, ದನಿ ಮಾತ್ರ ಹೊರಡಲಿಲ್ಲ.